ಸೀರಿಯಲ್ ನೋಡಿಯಾದ ಮೇಲೆ ಅದರ ಪುಸ್ತಕ ಯಾಕೆ ಓದ್ತಾರೆ?

ನಮ್ಮಲ್ಲಿ ಪುಸ್ತಕ ಮೊದಲು, ಪರದೆ ಆಮೇಲೆ. ತ್ರಿವೇಣಿಯವರ ಕಾದಂಬರಿಯನ್ನು ಜನ ಓದಿ ಮೆಚ್ಚಿದ ಮೇಲೆ ಪುಟ್ಟಣ್ಣ ಕಣಗಾಲ್ 1967ರಲ್ಲಿ 'ಬೆಳ್ಳಿಮೋಡ' ತೆಗೆದರು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಟ್ಟುಗೂಡಿಸಿ 1972ರಲ್ಲಿ 'ನಾಗರಹಾವು' ಮಾಡಿದರು. ಸಿನಿಮಾ ಮುಗಿಸಿ ಹೊರಗೆ ಬಂದು "ಪುಸ್ತಕದಲ್ಲಿ ಹೀಗಿರಲಿಲ್ಲ" ಅಂತ ಗೊಣಗುವುದು ನಮಗೆ ಹಳೇ ಅಭ್ಯಾಸ.

ಇದೇ ಉಲ್ಟಾ ಆದರೆ? ಮೊದಲು ಟಿವಿ ಸೀರಿಯಲ್ ಬಂತು. ಜನ ಮುಗಿಬಿದ್ದು ನೋಡಿದರು. ಆಮೇಲೆ ಅದೇ ಪಾತ್ರಗಳನ್ನು ಇಟ್ಟುಕೊಂಡು ಇನ್ಯಾರೋ ಕಾದಂಬರಿ ಬರೆದರು. ಇಂಥ ಪುಸ್ತಕಕ್ಕೆ ಟೈ-ಇನ್ ಕಾದಂಬರಿ ಅನ್ನುತ್ತಾರೆ. ಪತ್ತೇದಾರಿ ಸೀರಿಯಲ್‌ಗೂ ಇವು ಬಂದಿವೆ, ಆಸ್ಪತ್ರೆ ಸೀರಿಯಲ್‌ಗೂ ಬಂದಿವೆ. ಆದರೆ ಸೈನ್ಸ್ ಫಿಕ್ಷನ್ ಸೀರಿಯಲ್‌ಗಳ ಪುಸ್ತಕಕ್ಕೆ ಇರುವ ಅಭಿಮಾನಿಗಳ ಹುಚ್ಚೇ ಬೇರೆ.

ತುಮಕೂರಿನಲ್ಲೂ ಇಂಥವರಿದ್ದಾರೆ. ಬೆಳಿಗ್ಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರ ರೈಲಿನಲ್ಲಿ ಒಬ್ಬ ಹುಡುಗ ಹಳದಿ ತಿರುಗಿದ ಪುಟಗಳ ಒಂದು ಪೇಪರ್‌ಬ್ಯಾಕ್ ಹಿಡಿದು ಕೂತಿದ್ದ. ಮುಖಪುಟದಲ್ಲಿ 'ಸ್ಟಾರ್ ಟ್ರೆಕ್' ಸೀರಿಯಲ್‌ನ ಚೂಪು ಕಿವಿಯ ಸ್ಪಾಕ್. ಎದುರು ಸೀಟಿನ ಹಿರಿಯರೊಬ್ಬರು ಮಾತಿಗೆಳೆದರು.

"ಏನಪ್ಪಾ ಅದು, ಯಾವುದಾದ್ರೂ ಪರೀಕ್ಷೆಗಾ?"

"ಇಲ್ಲ ಸಾರ್, ಒಂದು ಸೀರಿಯಲ್‌ದು ಪುಸ್ತಕ."

"ಸೀರಿಯಲ್ ನೋಡಿಲ್ವಾ?"

"ನೋಡಿದೀನಿ ಸಾರ್. ಪೂರ್ತಿ."

"ಮತ್ಯಾಕೆ ಓದ್ತೀಯ?"

ಹುಡುಗ ನಕ್ಕು ಸುಮ್ಮನಾದ. ಪ್ರಶ್ನೆ ಮಾತ್ರ ಸರಿಯಾಗಿಯೇ ಇದೆ. ಅದಕ್ಕೆ ಉತ್ತರ ರೈಲಿನಲ್ಲಿ ಎರಡು ಮಾತಲ್ಲಿ ಹೇಳುವಂಥದ್ದಲ್ಲ, ಅಷ್ಟೇ.

ಈ ಪುಸ್ತಕಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಟಿವಿಯಲ್ಲಿ ಬಂದ ಕಥೆಯನ್ನೇ ಗದ್ಯದಲ್ಲಿ ಬರೆದದ್ದು ಒಂದು. ಪಾತ್ರಗಳು ಅವೇ, ಅಂತರಿಕ್ಷದ ಹಡಗು ಅದೇ, ಆದರೆ ಟಿವಿಯಲ್ಲಿ ಬರದೇ ಇರುವ ಹೊಸ ಕಥೆ ಇನ್ನೊಂದು. ಅಂತರಿಕ್ಷದ ಹಡಗೊಂದರಲ್ಲಿ ಓಡಾಡುವವರ ಕಥೆ ಹೇಳುವ ಅಮೆರಿಕದ 'ಸ್ಟಾರ್ ಟ್ರೆಕ್' ಎರಡಕ್ಕೂ ಒಳ್ಳೆಯ ಉದಾಹರಣೆ. ಅದು ಶುರುವಾದದ್ದು 1966ರ ಸೆಪ್ಟೆಂಬರ್ 8ರಂದು. ಮರುವರ್ಷ ಜನವರಿಯಲ್ಲೇ ಅದರ ಎಪಿಸೋಡ್‌ಗಳನ್ನು ಸಣ್ಣಕಥೆಗಳಾಗಿ ಬರೆದ ಪುಸ್ತಕ ಹೊರಬಂತು. ಬರೆದವರು ಜೇಮ್ಸ್ ಬ್ಲಿಷ್. ಅವರು ಆಗಲೇ ಹೆಸರು ಮಾಡಿದ್ದ ಸೈನ್ಸ್ ಫಿಕ್ಷನ್ ಲೇಖಕ. ಸ್ಟುಡಿಯೋದವರು ಕೊಟ್ಟ ಸ್ಕ್ರಿಪ್ಟ್ ಇಟ್ಟುಕೊಂಡು ಅವರು ಬರೆಯುತ್ತಿದ್ದರು. ಕೆಲವು ಸ್ಕ್ರಿಪ್ಟ್‌ಗಳು ಶೂಟಿಂಗ್‌ಗೆ ಮುಂಚಿನ ಕರಡು ಪ್ರತಿಗಳು. ಹಾಗಾಗಿ ಟಿವಿಯಲ್ಲಿ ಒಂದು ಥರ, ಪುಸ್ತಕದಲ್ಲಿ ಇನ್ನೊಂದು ಥರ ಆಗಿಬಿಡುತ್ತಿತ್ತು. ಅಭಿಮಾನಿಗಳಿಗೆ ಬೇಜಾರಾಗಲಿಲ್ಲ. ಎರಡನ್ನೂ ಪಕ್ಕದಲ್ಲಿಟ್ಟು ವ್ಯತ್ಯಾಸ ಹುಡುಕುವುದೇ ಒಂದು ಖುಷಿಯಾಯಿತು.

ಮೂರು ಸೀಸನ್, 79 ಎಪಿಸೋಡ್ ಆದಮೇಲೆ 1969ರಲ್ಲಿ ಸೀರಿಯಲ್ ನಿಂತಿತು. ಮರುವರ್ಷ ಬ್ಲಿಷ್ ಅವರೇ 'ಸ್ಪಾಕ್ ಮಸ್ಟ್ ಡೈ!' ಅಂತ ಪೂರಾ ಹೊಸ ಕಥೆಯ ಕಾದಂಬರಿ ಬರೆದರು. ಸೀರಿಯಲ್ ನಿಂತ ವರ್ಷ ಮತ್ತು ಕಾದಂಬರಿ ಬಂದ ವರ್ಷ, ಎರಡನ್ನೂ ಸೇರಿಸಿ ಓದಿಕೊಳ್ಳಿ. ಮೊದಲ ಸಿನಿಮಾ ಬರುವ ಹೊತ್ತಿಗೆ 1979 ಆಗಿತ್ತು. ನಡುವಿನ ಹತ್ತು ವರ್ಷ ಅಭಿಮಾನಿಗಳ ಪಾಲಿಗೆ ಇದ್ದದ್ದು ಹಳೇ ಎಪಿಸೋಡ್‌ಗಳ ಮರುಪ್ರಸಾರ, ಒಂದು ಕಾರ್ಟೂನ್ ಸರಣಿ, ಮತ್ತೆ ಈ ಪುಸ್ತಕಗಳು. ಟಿವಿ ಬಾಗಿಲು ಹಾಕಿತು, ಪುಸ್ತಕ ತೆರೆದಿಟ್ಟಿತು. ಈ ಹುಚ್ಚಿನ ಮೊದಲ ಕಾರಣ ಇಲ್ಲಿದೆ. ಅದು ಹಸಿವು.

ಬ್ರಿಟನ್‌ನಲ್ಲಿ ಈ ಹಸಿವು ಇನ್ನೂ ಜಾಸ್ತಿ. ಅಲ್ಲಿನ ಕಥೆ ಕೇಳಿದರೆ ಈಗಿನವರಿಗೆ ನಂಬುವುದೇ ಕಷ್ಟ.

ಬಿಬಿಸಿಯಲ್ಲಿ 1963ರ ನವೆಂಬರ್ 23ರಂದು 'ಡಾಕ್ಟರ್ ಹೂ' ಶುರುವಾಯಿತು. ಪೊಲೀಸ್ ಬೂತಿನ ಹಾಗೆ ಕಾಣುವ ಯಂತ್ರದಲ್ಲಿ ಕಾಲದ ಹಿಂದಕ್ಕೂ ಮುಂದಕ್ಕೂ ಓಡಾಡುವ, ಡಾಕ್ಟರ್ ಅಂತ ಕರೆಸಿಕೊಳ್ಳುವ ಒಬ್ಬ ಆಸಾಮಿಯ ಕಥೆ. ಆಗ ವಿಡಿಯೋ ಟೇಪಿಗೆ ಬಲು ದುಡ್ಡು. ಒಂದು ಸಲ ಪ್ರಸಾರವಾದ ಕಾರ್ಯಕ್ರಮವನ್ನು ಮತ್ತೆ ಮತ್ತೆ ತೋರಿಸಲು ಕಲಾವಿದರ ಜೊತೆಗಿನ ಒಪ್ಪಂದವೂ ಅಡ್ಡ ಬರುತ್ತಿತ್ತು. ಮೇಲಾಗಿ ಕಲರ್ ಟಿವಿ ಬಂದಮೇಲೆ ಕಪ್ಪು-ಬಿಳುಪಿನ ಟೇಪು ಯಾರಿಗೆ ಬೇಕು? ಹೀಗೆ ಲೆಕ್ಕ ಹಾಕಿ ಬಿಬಿಸಿಯವರು ಹಳೇ ಟೇಪುಗಳನ್ನು ಅಳಿಸಿ ಮರುಬಳಕೆ ಮಾಡಿದರು, ಫಿಲಂ ಪ್ರತಿಗಳನ್ನು ಎಸೆದರು. 1970ರ ದಶಕದ ಕೊನೆಯವರೆಗೂ ಇದು ನಡೆಯಿತು. ನೈಜೀರಿಯಾದಲ್ಲಿ ಒಂಬತ್ತು ಎಪಿಸೋಡ್ ಸಿಕ್ಕಿವೆ ಅಂತ 2013ರಲ್ಲಿ ಗೊತ್ತಾದಾಗ ಬ್ರಿಟನ್ನಿನ ಪತ್ರಿಕೆಗಳಿಗೆ ಅದು ದೊಡ್ಡ ಸುದ್ದಿ. ಇಷ್ಟಾದರೂ 60ರ ದಶಕದ 90ಕ್ಕೂ ಹೆಚ್ಚು ಎಪಿಸೋಡ್‌ಗಳು ಇವತ್ತಿಗೂ ಕಾಣೆಯಾದವುಗಳ ಪಟ್ಟಿಯಲ್ಲೇ ಇವೆ.

ಈಗ 1975ರ ಒಬ್ಬ ಹತ್ತು ವರ್ಷದ ಹುಡುಗಿಯ ಜಾಗದಲ್ಲಿ ನಿಂತು ನೋಡಿ. ನೀವು ಹುಟ್ಟುವ ಮುಂಚೆ ಬಂದ ಕಥೆ ನೋಡಬೇಕು. ಟಿವಿಯಲ್ಲಿ ಮತ್ತೆ ಬರುವುದಿಲ್ಲ. ಮನೆಯಲ್ಲಿ ವಿಡಿಯೋ ಇಲ್ಲ. ಮೂಲ ಟೇಪೇ ಇಲ್ಲ. ಇರುವುದು ಒಂದೇ ದಾರಿ, ಪುಸ್ತಕ. ಟಾರ್ಗೆಟ್ ಅನ್ನುವ ಪ್ರಕಾಶನ 1973ರಿಂದ ಈ ಕಥೆಗಳನ್ನು ಸಣ್ಣ ಸಣ್ಣ ಪೇಪರ್‌ಬ್ಯಾಕ್‌ಗಳಾಗಿ ತಂದಿತು. 150ಕ್ಕೂ ಹೆಚ್ಚು ಪುಸ್ತಕ. ಅವುಗಳಲ್ಲಿ 60ಕ್ಕೂ ಮೇಲೆ ಒಬ್ಬರೇ ಬರೆದದ್ದು, ಟೆರೆನ್ಸ್ ಡಿಕ್ಸ್. ಅವರು ಆ ಸೀರಿಯಲ್‌ನಲ್ಲೇ ಸ್ಕ್ರಿಪ್ಟ್ ಎಡಿಟರ್ ಆಗಿದ್ದವರು. ಸರಳ ವಾಕ್ಯ, ಚುರುಕು ನಡಿಗೆ. ಬ್ರಿಟನ್‌ನಲ್ಲಿ ಒಂದು ಇಡೀ ತಲೆಮಾರು ತಾವು ಓದಿನ ರುಚಿ ಹತ್ತಿಸಿಕೊಂಡದ್ದೇ ಈ ಪುಸ್ತಕಗಳಿಂದ ಅಂತ ಹೇಳಿಕೊಳ್ಳುತ್ತದೆ. ಸಾಹಿತ್ಯ ವಿಮರ್ಶಕರು ಇವರ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಲೆಕ್ಕದಲ್ಲಿ ಮಕ್ಕಳ ಕೈಗೆ ಪುಸ್ತಕ ಕೊಟ್ಟವರಿಗೆ ವಿಮರ್ಶಕರ ಸರ್ಟಿಫಿಕೇಟ್ ಬೇಕಿಲ್ಲ.

ಇನ್ನೊಂದು ತಮಾಷೆ ಇದೆ. ಆ ಸೀರಿಯಲ್‌ನ ಬಜೆಟ್ ಕಮ್ಮಿ. ಸೆಟ್ಟು ಅಲ್ಲಾಡುತ್ತಿತ್ತು, ರಾಕ್ಷಸ ರಬ್ಬರಿನದು ಅಂತ ಗೊತ್ತಾಗುತ್ತಿತ್ತು. ಪುಸ್ತಕದಲ್ಲಿ ಆ ತಾಪತ್ರಯ ಇಲ್ಲ. ಒಂದು ಅಂತರಿಕ್ಷ ನೌಕೆ ಅಂತ ಬರೆದರೂ ಅದೇ ಮಸಿ, ಸಾವಿರ ನೌಕೆ ಅಂತ ಬರೆದರೂ ಅದೇ ಮಸಿ. ಪುಸ್ತಕ ಓದಿ ಬೆಳೆದವರು ಮುಂದೆ ಮೂಲ ಎಪಿಸೋಡ್ ನೋಡಿದಾಗ "ಇಷ್ಟೇನಾ?" ಅಂದುಕೊಂಡದ್ದೂ ಉಂಟು.

ಆದರೆ ಹಸಿವು ಅರ್ಧ ಉತ್ತರ ಮಾತ್ರ. ಈಗ ಎಲ್ಲವೂ ಮೊಬೈಲಿನಲ್ಲಿ ಸಿಗುತ್ತದೆ. ಬೇಕಾದ ಎಪಿಸೋಡನ್ನು ಬೇಕಾದಷ್ಟು ಸಲ ನೋಡಬಹುದು. ಆದರೂ ಪುಸ್ತಕ ಅಚ್ಚಾಗುತ್ತಲೇ ಇವೆ, ಜನ ಕೊಳ್ಳುತ್ತಲೇ ಇದ್ದಾರೆ. ಅಂದರೆ ಇನ್ನೇನೋ ಇರಬೇಕು ಅಲ್ವಾ?

ಅದನ್ನು ತಿಳಿಯಲು ನಮ್ಮ ಗುಬ್ಬಿ ಸೀಮೆಗೆ ಬರಬೇಕು. ಗುಬ್ಬಿ ಕಂಪನಿ 1884ರಷ್ಟು ಹಳೆಯದು. ಗುಬ್ಬಿ ವೀರಣ್ಣನವರು 'ಕುರುಕ್ಷೇತ್ರ' ಆಡಿಸಿದಾಗ ನಿಜವಾದ ಆನೆ ಕುದುರೆಗಳನ್ನೇ ತಂದಿದ್ದರು ಅಂತ ಹಿರಿಯರು ಈಗಲೂ ಹೇಳುತ್ತಾರೆ. ಕಂಪನಿಯ ಕಾಲ ಹೋಯಿತು, ನಾಟಕ ಹೋಗಲಿಲ್ಲ. ಇವತ್ತಿಗೂ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಬೇಸಿಗೆ ಬಂತೆಂದರೆ 'ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ' ಅಂತ ಫ್ಲೆಕ್ಸ್ ಬೀಳುತ್ತದೆ. ಅದರಲ್ಲಿ ಪಾತ್ರಧಾರಿಗಳ ಫೋಟೋ ಸಾಲು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಬಂದು ಮಟ್ಟು ಕಲಿಸುತ್ತಾರೆ. ಸೀನರಿ ಬಾಡಿಗೆಗೆ ಬರುತ್ತದೆ. ರಾತ್ರಿ ಶುರುವಾದರೆ ಬೆಳಗಾಗುವವರೆಗೂ ಆಟ.

ಕೊನೆಗೆ ಏನಾಗುತ್ತದೆ ಅಂತ ಗೊತ್ತಿಲ್ಲದವರು ಆ ಜನದಲ್ಲಿ ಒಬ್ಬರೂ ಇರುವುದಿಲ್ಲ. ದುರ್ಯೋಧನನ ತೊಡೆ ಮುರಿಯುತ್ತದೆ. ಅದನ್ನು ಬದಲಾಯಿಸುವ ಹಕ್ಕು ಮೇಷ್ಟ್ರಿಗೂ ಇಲ್ಲ, ಪಾತ್ರಧಾರಿಗೂ ಇಲ್ಲ. ಮತ್ತೆ ಜನ ನಿದ್ದೆಗೆಟ್ಟು ಯಾಕೆ ಕೂರುತ್ತಾರೆ? ದುರ್ಯೋಧನ ಹೇಗೆ ಹಾಡಿದ, ಕರ್ಣ ಕುಂತಿಯ ಮುಂದೆ ಎಷ್ಟು ಹೊತ್ತು ತಡೆದುಕೊಂಡ, ಕೃಷ್ಣ ಸಂಧಾನದಲ್ಲಿ ಎಷ್ಟು ಚುರುಕಾಗಿ ಮಾತಾಡಿದ, ಅದಕ್ಕೆ. ಕಥೆ ಮುಂದಕ್ಕೆ ಹೋಗದೆ ಒಂದು ಕಡೆ ನಿಂತು ಆಳಕ್ಕೆ ಇಳಿಯುವ ಜಾಗಗಳಿವೆಯಲ್ಲ, ಅಲ್ಲೇ "ಒನ್ಸ್ ಮೋರ್" ಬೀಳುವುದು.

ಟೈ-ಇನ್ ಕಾದಂಬರಿಯ ಒಳಗುಟ್ಟೂ ಇದೇ. ಕಥೆಯ ದೊಡ್ಡ ತಿರುವುಗಳು ಲೇಖಕನ ಕೈಯಲ್ಲಿ ಇರುವುದಿಲ್ಲ. ಇರುವುದಿಲ್ಲ ಅನ್ನುವುದರಿಂದಲೇ ಅವನು ಒಳಕ್ಕೆ ಇಳಿಯುತ್ತಾನೆ.

ಯಾಕೆ ಇರುವುದಿಲ್ಲ ಅಂದರೆ, ಪಾತ್ರಗಳ ಮಾಲೀಕರು ಬೇರೆ. ಸ್ಟುಡಿಯೋ ಅಥವಾ ಚಾನೆಲ್ ಒಂದು ಪ್ರಕಾಶನಕ್ಕೆ ಲೈಸೆನ್ಸ್ ಕೊಡುತ್ತದೆ. ಪ್ರಕಾಶನದವರು ಲೇಖಕನನ್ನು ಹಿಡಿಯುತ್ತಾರೆ. ಲೇಖಕ ಮೊದಲು ಕಥೆಯ ಸಾರಾಂಶ ಬರೆದು ಕೊಡಬೇಕು. ಅದು ಸ್ಟುಡಿಯೋದ ಲೈಸೆನ್ಸಿಂಗ್ ವಿಭಾಗಕ್ಕೆ ಹೋಗಿ ಒಪ್ಪಿಗೆ ಆಗಬೇಕು. ಆಮೇಲೆ ಪೂರ್ತಿ ಬರೆದ ಹಸ್ತಪ್ರತಿಯೂ ಅದೇ ದಾರಿ ಹಿಡಿಯುತ್ತದೆ. "ಈ ಪಾತ್ರ ಹೀಗೆ ಮಾತಾಡಲ್ಲ", "ಇವರಿಬ್ಬರ ಮದುವೆ ಮಾಡಿಸಬೇಡಿ, ಮುಂದಿನ ಸೀಸನ್‌ನಲ್ಲಿ ಬೇರೆ ಯೋಜನೆ ಇದೆ" ಅನ್ನುವಂಥ ತಿದ್ದುಪಡಿ ಬರಬಹುದು. ಸೀರಿಯಲ್ ಇನ್ನೂ ನಡೆಯುತ್ತಿದ್ದರೆ ಒಂದು ಕಟ್ಟುನಿಟ್ಟಿನ ನಿಯಮ ಇರುತ್ತದೆ. ಪುಸ್ತಕದ ಮೊದಲ ಪುಟದಲ್ಲಿ ಪಾತ್ರಗಳು ಎಲ್ಲಿದ್ದವೋ ಕೊನೇ ಪುಟದಲ್ಲೂ ಹೆಚ್ಚುಕಮ್ಮಿ ಅಲ್ಲೇ ಇರಬೇಕು. ಕ್ಯಾಪ್ಟನ್ ಸಾಯುವಂತಿಲ್ಲ, ಹಡಗು ಚೂರಾಗುವಂತಿಲ್ಲ. ಇಷ್ಟೆಲ್ಲ ಮಾಡಿ ಬರೆದ ಪುಸ್ತಕದ ಕಾಪಿರೈಟ್ ಸಾಮಾನ್ಯವಾಗಿ ಲೇಖಕನಿಗೆ ಸೇರುವುದಿಲ್ಲ.

ಇಷ್ಟು ಕಟ್ಟಿಹಾಕಿದ ಮೇಲೆ ಏನು ಉಳಿಯುತ್ತದೆ? ಬೇಕಾದಷ್ಟು. ಟಿವಿಯಲ್ಲಿ ಒಂದು ಎಪಿಸೋಡ್ ಅಂದರೆ 50 ನಿಮಿಷದ ಒಳಗೆ ಮುಗಿಯಬೇಕು. ಸ್ಪಾಕ್ ಹುಬ್ಬು ಏರಿಸಿದ್ದನ್ನು ಕ್ಯಾಮೆರಾ ತೋರಿಸುತ್ತದೆ. ಆ ಹುಬ್ಬಿನ ಹಿಂದೆ ಏನು ನಡೆಯಿತು ಅನ್ನುವುದನ್ನು ತೋರಿಸಲಾರದು. ಕಾದಂಬರಿ ಅದಕ್ಕೇ ನಾಲ್ಕು ಪುಟ ಕೊಡಬಹುದು. ಹಿಂದಿನ ಸಾಲಿನಲ್ಲಿ ನಿಂತು "ಸರಿ ಕ್ಯಾಪ್ಟನ್" ಅಂತ ಮಾತ್ರ ಹೇಳುವ ಪಾತ್ರಕ್ಕೆ ಊರು, ತಾಯಿ, ಬಾಲ್ಯ ಎಲ್ಲ ಕೊಡಬಹುದು. ಶತ್ರುವಿನ ಮನೆಯೊಳಗೇ ಹೋಗಬಹುದು.

ಕೊನೆಯದಕ್ಕೆ ಉದಾಹರಣೆ 1984ರಲ್ಲಿ ಜಾನ್ ಎಂ. ಫೋರ್ಡ್ ಬರೆದ 'ದಿ ಫೈನಲ್ ರಿಫ್ಲೆಕ್ಷನ್'. 'ಸ್ಟಾರ್ ಟ್ರೆಕ್'ನಲ್ಲಿ ಕ್ಲಿಂಗಾನ್ ಅಂತ ಒಂದು ಜನಾಂಗ. ಮೂಲ ಸೀರಿಯಲ್‌ನಲ್ಲಿ ಅವರು ಬರೀ ವಿಲನ್‌ಗಳು. ಬರುತ್ತಾರೆ, ಗುರಾಯಿಸುತ್ತಾರೆ, ಸೋಲುತ್ತಾರೆ. ಫೋರ್ಡ್ ಇಡೀ ಕಾದಂಬರಿಯನ್ನು ಅವರ ಕಡೆಯಿಂದಲೇ ಹೇಳಿದರು. ಅವರ ಆಟಗಳು, ಅವರ ವಂಶದ ಲೆಕ್ಕಾಚಾರ, ಮರ್ಯಾದೆಯ ಕಲ್ಪನೆ. ಸೀರಿಯಲ್‌ನ ನಾಯಕ ಕ್ಯಾಪ್ಟನ್ ಕರ್ಕ್ ಪುಸ್ತಕದ ಅಂಚಿನಲ್ಲಿ ಮಾತ್ರ ಬಂದು ಹೋಗುತ್ತಾನೆ. 1987ರಲ್ಲಿ 'ಸ್ಟಾರ್ ಟ್ರೆಕ್'ನದೇ ಹೊಸ ಸೀರಿಯಲ್ ಶುರುವಾದಾಗ ಟಿವಿಯವರು ಕ್ಲಿಂಗಾನರನ್ನು ಬೇರೆಯದೇ ರೀತಿಯಲ್ಲಿ ಬೆಳೆಸಿದರು. ಆದರೂ ಹಳೇ ಅಭಿಮಾನಿಗಳಲ್ಲಿ ಫೋರ್ಡ್ ಅವರ ಕ್ಲಿಂಗಾನರೇ ಸರಿ ಅಂತ ಹಟ ಹಿಡಿಯುವವರು ಇದ್ದಾರೆ. ಆ ಹಟ ನನಗೆ ಅರ್ಥವಾಗುತ್ತದೆ.

ಇಲ್ಲಿಂದ ಮುಂದಕ್ಕೆ ಅಭಿಮಾನಿಗಳ ಜಗಳದ ವಿಷಯ. ಯಾವುದು ನಿಜವಾಗಿ ನಡೆದದ್ದು, ಯಾವುದು ಅಲ್ಲ? ಕಥೆಯೇ ಕಲ್ಪನೆ, ಅದರಲ್ಲಿ ನಿಜ ಏನು ಬಂತು ಅಂತ ನಗಬೇಡಿ. ಇದಕ್ಕೆ ಅವರು ಕ್ಯಾನನ್ ಅನ್ನುತ್ತಾರೆ. 'ಸ್ಟಾರ್ ಟ್ರೆಕ್'ನ ಮಟ್ಟಿಗೆ ಲೆಕ್ಕ ಸರಳ. ಪರದೆ ಮೇಲೆ ಬಂದದ್ದು ಲೆಕ್ಕಕ್ಕಿದೆ, ಪುಸ್ತಕದಲ್ಲಿ ಬಂದದ್ದು ಇಲ್ಲ. ಲೈಸೆನ್ಸ್ ಪಡೆದು, ಒಪ್ಪಿಗೆ ಪಡೆದು, ಮುದ್ರೆ ಹಾಕಿಸಿಕೊಂಡು ಬಂದ ಪುಸ್ತಕವೂ ಇಲ್ಲ. ಮುಂದಿನ ಎಪಿಸೋಡ್ ಬರೆಯುವವರು ಆ ಪುಸ್ತಕವನ್ನು ಓದಿರಲೇಬೇಕು ಅಂತಿಲ್ಲ.

ಹಾಗಂತ ಪುಸ್ತಕದಿಂದ ಪರದೆಗೆ ಏನೂ ದಾಟುವುದಿಲ್ಲ ಅಂತಲ್ಲ. ಹಡಗು ನಡೆಸುವ ಸುಲು ಅನ್ನುವ ಪಾತ್ರ ಗೊತ್ತಿರಬಹುದು. ಮೂಲ ಸೀರಿಯಲ್‌ನಲ್ಲಿ ಅವನಿಗೆ ಸುಲು ಅನ್ನುವ ಒಂದೇ ಹೆಸರು. 1981ರಲ್ಲಿ ವೊಂಡಾ ಮ್ಯಾಕಿಂಟೈರ್ 'ದಿ ಎಂಟ್ರೋಪಿ ಎಫೆಕ್ಟ್' ಕಾದಂಬರಿಯಲ್ಲಿ ಅವನಿಗೆ ಹಿಕಾರು ಅಂತ ಹೆಸರಿಟ್ಟರು. ಓದುಗರು ಆ ಹೆಸರನ್ನು ಒಪ್ಪಿಕೊಂಡರು, ಬೇರೆ ಲೇಖಕರೂ ಬಳಸಿದರು. ಹತ್ತು ವರ್ಷ ಆದಮೇಲೆ, 1991ರ ಸಿನಿಮಾದಲ್ಲಿ, ನಟ ಜಾರ್ಜ್ ಟಕೇ ತನ್ನ ಪಾತ್ರದ ಪೂರ್ತಿ ಹೆಸರನ್ನು ಬಾಯಿಬಿಟ್ಟು ಹೇಳಿದರು. ಅಲ್ಲಿಗೆ ಹಿಕಾರು ಸುಲು ಲೆಕ್ಕಕ್ಕೆ ಸೇರಿದ. ಮ್ಯಾಕಿಂಟೈರ್ ಅವರ ಕಾದಂಬರಿ ಮಾತ್ರ ಇವತ್ತಿಗೂ ಲೆಕ್ಕದ ಹೊರಗೇ.

'ಸ್ಟಾರ್ ವಾರ್ಸ್' ಸಿನಿಮಾದಿಂದ ಹುಟ್ಟಿದ್ದಾದರೂ ಅಲ್ಲಿ ಆದದ್ದನ್ನು ಇಲ್ಲಿ ಹೇಳಲೇಬೇಕು. ವರ್ಷಗಟ್ಟಲೆ ನೂರಾರು ಪುಸ್ತಕ, ಕಾಮಿಕ್ಸ್ ಬಂದವು. 2014ರ ಏಪ್ರಿಲ್‌ನಲ್ಲಿ ಮಾಲೀಕರು ಒಂದೇ ಪ್ರಕಟಣೆಯಲ್ಲಿ ಅವನ್ನೆಲ್ಲ 'ಲೆಜೆಂಡ್ಸ್' ಅನ್ನುವ ಬೇರೆ ಪೆಟ್ಟಿಗೆಗೆ ಹಾಕಿದರು. ಅಂದರೆ ಅವು ಇನ್ನು ನಡೆದ ಕಥೆಗಳಲ್ಲ. ಎಷ್ಟೋ ಅಭಿಮಾನಿಗಳು ಸಿಟ್ಟಿಗೆದ್ದರು. ಆದರೆ ಟಿಮೊಥಿ ಝಾನ್ 1991ರ ಕಾದಂಬರಿಯಲ್ಲಿ ಹುಟ್ಟಿಸಿದ ಥ್ರಾನ್ ಅನ್ನುವ ನೀಲಿ ಮೈಯ ಸೇನಾಪತಿಯನ್ನು ಮರೆಯಲು ಮಾಲೀಕರಿಗೂ ಆಗಲಿಲ್ಲ. ಎರಡೇ ವರ್ಷದಲ್ಲಿ ಅವನು ಕಾರ್ಟೂನ್ ಸರಣಿಗೆ ಬಂದ, 2023ರಲ್ಲಿ ನಟರಿರುವ ಟಿವಿ ಸರಣಿಗೂ ಬಂದ. ಪುಸ್ತಕಗಳನ್ನು ಹೊರಹಾಕಿದರು, ಪಾತ್ರವನ್ನು ಉಳಿಸಿಕೊಂಡರು. ವ್ಯಾಪಾರಸ್ಥರ ಬುದ್ಧಿ!

'ಸ್ಟಾರ್ ಟ್ರೆಕ್' ಕಾದಂಬರಿಗಳ ಲೇಖಕರು ಮಾಡಿದ್ದು ಇದಕ್ಕಿಂತ ಘನವಾದ ಕೆಲಸ ಅನ್ನಿಸುತ್ತದೆ. 2005ರ ಹೊತ್ತಿಗೆ 'ಸ್ಟಾರ್ ಟ್ರೆಕ್' ಸೀರಿಯಲ್‌ಗಳು ಒಂದೊಂದಾಗಿ ಮುಗಿದವು. ಪಾತ್ರಗಳ ಮುಂದಿನ ಬದುಕನ್ನು ಕಾದಂಬರಿಗಳೇ ಹೊತ್ತವು. ಟಿವಿ ಇಲ್ಲದ್ದರಿಂದ ಆ ಕಟ್ಟುನಿಟ್ಟಿನ ನಿಯಮವೂ ಸಡಿಲವಾಯಿತು. ಪಾತ್ರಗಳು ಮದುವೆಯಾದರು, ಮಕ್ಕಳಾದವು, ಕೆಲವರು ಸತ್ತರು. ಬೇರೆ ಬೇರೆ ಲೇಖಕರು ಸೇರಿ ಒಂದೇ ದೊಡ್ಡ ಕಥೆಯನ್ನು ಸುಮಾರು 20 ವರ್ಷ ನಡೆಸಿದರು. 2020ರ ಜನವರಿಯಲ್ಲಿ 'ಸ್ಟಾರ್ ಟ್ರೆಕ್: ಪಿಕಾರ್ಡ್' ಟಿವಿಗೆ ಬಂತು. ಅದರಲ್ಲಿ ಅದೇ ಪಾತ್ರಗಳ ಬದುಕು ಬೇರೆಯದೇ ಥರ ಸಾಗಿತ್ತು. 20 ವರ್ಷದ ಕಾದಂಬರಿಗಳು ಅಲ್ಲಿಗೆ ಸುಳ್ಳಾದವು. ಪ್ರಕಾಶನದವರು ಸದ್ದಿಲ್ಲದೆ ನಿಲ್ಲಿಸಿಬಿಡಬಹುದಿತ್ತು. ಹಾಗೆ ಮಾಡಲಿಲ್ಲ. 2021ರಲ್ಲಿ 'ಕೋಡಾ' ಅಂತ ಮೂರು ಕಾದಂಬರಿ ಬಂದವು. ಡೇಟನ್ ವಾರ್ಡ್, ಜೇಮ್ಸ್ ಸ್ವಾಲೋ, ಡೇವಿಡ್ ಮ್ಯಾಕ್ ಒಂದೊಂದು ಬರೆದರು. ಪುಸ್ತಕಗಳ ಲೋಕ ಒಂದು ಕವಲು ಕಾಲ ಅಂತಲೂ, ಉಳಿದ ಲೋಕಗಳನ್ನು ಕಾಯಲು ಅದು ತಾನೇ ಇಲ್ಲವಾಗಬೇಕು ಅಂತಲೂ ಕಥೆ ಕಟ್ಟಿದರು. ಅಂದರೆ ವ್ಯವಹಾರದ ಒಂದು ತೀರ್ಮಾನವನ್ನು ಕಥೆಯೊಳಗಿನ ಬಲಿದಾನವಾಗಿ ಮಾಡಿದರು. ಅಷ್ಟು ವರ್ಷ ಓದಿದವರಿಗೆ ಸರಿಯಾದ ಬೀಳ್ಕೊಡುಗೆ ಸಿಕ್ಕಿತು.

ಆ ಡೇಟನ್ ವಾರ್ಡ್ ಎಲ್ಲಿಂದ ಬಂದವರು ಅನ್ನುವುದು ಇನ್ನೂ ಸ್ವಾರಸ್ಯ. ಪಾಕೆಟ್ ಬುಕ್ಸ್ ಪ್ರಕಾಶನ 1990ರ ದಶಕದ ಕೊನೆಯಿಂದ ಅಭಿಮಾನಿಗಳಿಗಾಗಿ ಒಂದು ಕಥಾ ಸ್ಪರ್ಧೆ ಇಟ್ಟಿತ್ತು. ವೃತ್ತಿಯ ಲೇಖಕರಿಗೆ ಪ್ರವೇಶ ಇಲ್ಲ. ಗೆದ್ದ ಕಥೆಗಳು ಪುಸ್ತಕವಾಗಿ ಬರುತ್ತಿದ್ದವು. ಸಾಫ್ಟ್‌ವೇರ್ ಕೆಲಸದಲ್ಲಿದ್ದ ವಾರ್ಡ್ ಮೊದಲ ಮೂರು ವರ್ಷವೂ ಆಯ್ಕೆಯಾದರು. ಮೂರು ಕಥೆ ಆದಮೇಲೆ ನಿಯಮದ ಪ್ರಕಾರ ಅವರು ಹವ್ಯಾಸಿ ಅಲ್ಲ, ಸ್ಪರ್ಧೆಗೆ ಬರುವಂತಿಲ್ಲ. ಆಮೇಲೆ ಕಾದಂಬರಿ ಬರೆಯಲು ಅವರನ್ನೇ ಕರೆದರು.

ಇಲ್ಲಿ ಮತ್ತೆ ನಮ್ಮ ಹಳ್ಳಿ ನಾಟಕ ನೆನಪಾಗದೆ ಇರದು. ನಮ್ಮ ಕಡೆ ಪಾತ್ರಧಾರಿಗೆ ಸಂಬಳ ಇಲ್ಲ, ಅವನೇ ದುಡ್ಡು ಕೊಟ್ಟು ಪಾತ್ರ ತಗೋಬೇಕು. ದುರ್ಯೋಧನನ ಪಾರ್ಟಿಗೆ ಜಾಸ್ತಿ, ಸಣ್ಣ ಪಾರ್ಟಿಗೆ ಕಮ್ಮಿ. ಹೊರಗಿನವರಿಗೆ ಇದು ಹುಚ್ಚಾಟ. ಆದರೆ ನೋಡುವವನು ಮತ್ತು ಆಡುವವನ ನಡುವಿನ ಗೋಡೆ ಅಲ್ಲಿ ಎಷ್ಟು ತೆಳುವಾಗಿದೆ ನೋಡಿ. ಈ ವರ್ಷ ಚಾಪೆ ಹಾಸಿ ಕೂತವನು ಮುಂದಿನ ವರ್ಷ ಕಿರೀಟ ಕಟ್ಟಿಕೊಂಡಿರುತ್ತಾನೆ. ಟೈ-ಇನ್ ಕಾದಂಬರಿಗಳ ಲೋಕದಲ್ಲೂ ಆ ಗೋಡೆ ತೆಳು.

'ಡಾಕ್ಟರ್ ಹೂ' ವಿಷಯದಲ್ಲಂತೂ ಆ ಗೋಡೆ ಬಿದ್ದೇ ಹೋಯಿತು. 1989ರಲ್ಲಿ ಬಿಬಿಸಿ ಆ ಸೀರಿಯಲ್ ನಿಲ್ಲಿಸಿತು. 1991ರಿಂದ ವರ್ಜಿನ್ ಪ್ರಕಾಶನ ಹೊಸ ಕಥೆಗಳ ಕಾದಂಬರಿ ತರಲು ಶುರುಮಾಡಿತು. ಯಾರು ಬೇಕಾದರೂ ಹಸ್ತಪ್ರತಿ ಕಳಿಸಬಹುದು ಅಂತ ಬಾಗಿಲು ತೆರೆದಿಟ್ಟಿತು. ಅಭಿಮಾನಿಗಳು ಬರೆದು ಕಳಿಸಿದರು. ಅವರಲ್ಲೊಬ್ಬರು ಪಾಲ್ ಕಾರ್ನೆಲ್. 1995ರಲ್ಲಿ ಅವರು 'ಹ್ಯೂಮನ್ ನೇಚರ್' ಬರೆದರು. ಡಾಕ್ಟರ್ ತನ್ನ ನೆನಪನ್ನೆಲ್ಲ ಬಿಟ್ಟು, ಮೊದಲ ಮಹಾಯುದ್ಧಕ್ಕೆ ಮುಂಚಿನ ಇಂಗ್ಲೆಂಡಿನಲ್ಲಿ ಸಾಮಾನ್ಯ ಮೇಷ್ಟ್ರಾಗಿ ಬದುಕುವ ಕಥೆ. ಅದೇ ಸಾಲಿನಲ್ಲಿ 1996ರಲ್ಲಿ ಟಿವಿಯ ಯುವ ಬರಹಗಾರರೊಬ್ಬರು ಒಂದು ಕಾದಂಬರಿ ಬರೆದರು. ಹೆಸರು ರಸೆಲ್ ಟಿ. ಡೇವಿಸ್. 2005ರಲ್ಲಿ ಸೀರಿಯಲ್ ಮತ್ತೆ ಶುರುವಾದಾಗ ಅದರ ಚುಕ್ಕಾಣಿ ಹಿಡಿದವರು ಇದೇ ಡೇವಿಸ್. 2007ರಲ್ಲಿ ಅವರು ಕಾರ್ನೆಲ್ ಅವರನ್ನು ಕರೆಸಿ, ಅದೇ ಕಾದಂಬರಿಯನ್ನು ಎರಡು ಎಪಿಸೋಡ್‌ಗಳಾಗಿ ಬರೆಸಿದರು. ಆ ಸೀರಿಯಲ್‌ನಲ್ಲಿ ನಟ ಬದಲಾದ ಹಾಗೆ ಡಾಕ್ಟರ್‌ನ ರೂಪವೂ ಬದಲಾಗುತ್ತದೆ. ಮೂಲ ಕಾದಂಬರಿಯಲ್ಲಿ ಇದ್ದದ್ದು ಏಳನೆಯ ಡಾಕ್ಟರ್, ಟಿವಿಯಲ್ಲಿ ಬಂದದ್ದು ಹತ್ತನೆಯ ಡಾಕ್ಟರ್. ಇವತ್ತಿಗೂ ಆ ಸೀರಿಯಲ್‌ನ ಒಳ್ಳೆಯ ಕಥೆಗಳ ಪಟ್ಟಿ ಮಾಡಿದರೆ ಇದು ಮೇಲಿನ ಸಾಲಿನಲ್ಲೇ ಬರುತ್ತದೆ.

ಪುಸ್ತಕ ಟಿವಿಯ ಬಾಲ ಅಂತ ಹೇಳುವವರಿಗೆ ಇದಕ್ಕಿಂತ ಉತ್ತರ ಬೇಕಾ? ಸೀರಿಯಲ್ ಇಲ್ಲದ ಹದಿನಾರು ವರ್ಷ ಅದರ ಮುಂದಿನ ಬರಹಗಾರರಿಗೆ ಪುಸ್ತಕಗಳೇ ಗರಡಿಮನೆಯಾದವು.

ದುಡ್ಡಿನ ವಿಷಯ ಒಂದಿಷ್ಟು. ಈ ಲೇಖಕರು ಶ್ರೀಮಂತರೇನಲ್ಲ. ಆಲನ್ ಡೀನ್ ಫಾಸ್ಟರ್ ಈ ಕಸುಬಿನ ದೊಡ್ಡ ಹೆಸರು. 'ಸ್ಟಾರ್ ಟ್ರೆಕ್' ಕಾರ್ಟೂನ್ ಸರಣಿಯನ್ನು ಹತ್ತು ಪುಸ್ತಕವಾಗಿ ಬರೆದವರು. ಮೊದಲ 'ಸ್ಟಾರ್ ವಾರ್ಸ್' ಸಿನಿಮಾದ ಕಾದಂಬರಿ ರೂಪ ಬರೆದವರೂ ಅವರೇ, ಮುಖಪುಟದಲ್ಲಿ ಇದ್ದದ್ದು ಮಾತ್ರ ಸಿನಿಮಾದ ನಿರ್ದೇಶಕ ಜಾರ್ಜ್ ಲ್ಯೂಕಾಸ್ ಹೆಸರು. ತನ್ನ ಕೆಲವು ಪುಸ್ತಕಗಳಿಗೆ ರಾಯಲ್ಟಿ ಬರುವುದು ನಿಂತಿದೆ ಅಂತ 2020ರಲ್ಲಿ ಅವರು ಬಹಿರಂಗವಾಗಿ ಹೇಳಿದರು. ಮೂಲ ಕಂಪನಿಗಳನ್ನು ಡಿಸ್ನಿ ಕೊಂಡ ಮೇಲೆ ಹೀಗಾಯಿತು ಅನ್ನುವುದು ಅವರ ದೂರು. ಅಮೆರಿಕದ ಸೈನ್ಸ್ ಫಿಕ್ಷನ್ ಲೇಖಕರ ಸಂಘ ಅವರ ಪರ ನಿಂತಿತು, ಅಭಿಮಾನಿಗಳೂ ದನಿ ಸೇರಿಸಿದರು. ಮರುವರ್ಷ ಅವರ ಮಟ್ಟಿಗೆ ವಿಷಯ ಬಗೆಹರಿಯಿತು. ಪಾತ್ರಗಳ ಮೇಲಿನ ಪ್ರೀತಿ ಅವುಗಳಿಗೆ ಮಾತು ಕೊಟ್ಟವರ ಹೊಟ್ಟೆಪಾಡಿನವರೆಗೂ ಹೋಯಿತಲ್ಲ, ಆ ಮಟ್ಟಿಗೆ ಅಭಿಮಾನಿಗಳನ್ನು ಮೆಚ್ಚಬೇಕು.

ಹಾಗಾದರೆ ಕನ್ನಡದಲ್ಲಿ ಇಂಥದ್ದು ಯಾಕೆ ಬೆಳೆಯಲಿಲ್ಲ? ತೀರಾ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಹಿಂದೆ ಟೆಂಟುಗಳ ಹತ್ತಿರ ಸಿನಿಮಾ ಹಾಡಿನ ಪುಸ್ತಕ ಮಾರುತ್ತಿದ್ದರು. ಮೊದಲ ಪುಟದಲ್ಲಿ ಕಥಾಸಾರ ಇರುತ್ತಿತ್ತು. ಕಥೆ ರಂಗೇರುವ ಹೊತ್ತಿಗೆ ನಿಲ್ಲಿಸಿ "ಮುಂದೇನಾಯಿತು? ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ" ಅಂತ ಕೈ ಎತ್ತಿಬಿಡುತ್ತಿದ್ದರು. ಅದು ಜನರನ್ನು ಪರದೆಯ ಕಡೆ ಕಳಿಸುವ ಪುಸ್ತಕ. ಟೈ-ಇನ್ ಕಾದಂಬರಿ ಪರದೆಯಿಂದ ಆಚೆಗೆ ಕರೆದುಕೊಂಡು ಹೋಗುವ ಪುಸ್ತಕ.

ಟಿವಿಯಲ್ಲಿ ಸೈನ್ಸ್ ಫಿಕ್ಷನ್ ನಮಗೆ ಗೊತ್ತೇ ಇರಲಿಲ್ಲ ಅಂತಲೂ ಅಲ್ಲ. 1980ರ ದಶಕದಲ್ಲಿ ದೂರದರ್ಶನದಲ್ಲೇ 'ಸ್ಟಾರ್ ಟ್ರೆಕ್' ಬರುತ್ತಿತ್ತು. 1998ರಲ್ಲಿ ಹಿಂದಿಯ 'ಕ್ಯಾಪ್ಟನ್ ವ್ಯೋಮ್' ಬಂತು. ಸ್ಕೂಲಿನಲ್ಲಿ ಹುಡುಗರು ಅದರ ಮಾತೇ ಆಡುತ್ತಿದ್ದರು. ಕನ್ನಡದಲ್ಲಿ ವೈಜ್ಞಾನಿಕ ಕಥೆ-ಕಾದಂಬರಿ ಬರೆದವರೂ ಇದ್ದಾರೆ, ರಾಜಶೇಖರ ಭೂಸನೂರಮಠರ ಹೆಸರು ಕೇಳಿಯೇ ಇರುತ್ತೀರಿ. ಎರಡು ಕಡೆಯೂ ಬಿತ್ತನೆ ಆಗಿತ್ತು, ನಡುವೆ ಸೇತುವೆ ಆಗಲಿಲ್ಲ.

ನನಗೆ ತೋಚುವ ಕಾರಣ ಇಷ್ಟು. ಅಮೆರಿಕದ ಸೀರಿಯಲ್ ವಾರಕ್ಕೊಂದು ಬರುತ್ತಿತ್ತು, ಸೀಸನ್ ಮುಗಿದರೆ ತಿಂಗಳುಗಟ್ಟಲೆ ಖಾಲಿ. ಆ ಖಾಲಿ ಜಾಗದಲ್ಲಿ ಪುಸ್ತಕ ಕೂತಿತು. ನಮ್ಮ ಸೀರಿಯಲ್ ದಿನಾ ಬರುತ್ತದೆ. ಅತ್ತೆ ಬಾಗಿಲು ತೆರೆದದ್ದನ್ನು ಮೂರು ಕಡೆಯಿಂದ ತೋರಿಸಿ, ಎಲ್ಲರ ಮುಖದ ಮೇಲೂ ಕ್ಯಾಮೆರಾ ಸುತ್ತಿಸಿ, ಮನಸ್ಸಿನಲ್ಲಿ ಅಂದುಕೊಂಡದ್ದನ್ನೂ ಹಿನ್ನೆಲೆ ದನಿಯಲ್ಲಿ ಹೇಳಿಬಿಡುತ್ತಾರೆ. ಪುಸ್ತಕಕ್ಕೆ ಇನ್ನೇನು ಉಳಿಯಿತು? ಹೇಳದೆ ಬಿಟ್ಟದ್ದು ಇದ್ದರೆ ತಾನೆ ಬರೆಯುವುದು.

ಸರಕಿಗೆ ಮಾತ್ರ ಬರ ಇಲ್ಲ. ಕೈಗಡಿಯಾರ ತಯಾರಾಗುತ್ತಿದ್ದ ತುಮಕೂರಿನ ಎಚ್‌ಎಂಟಿ ಜಾಗ ಈಗ ಇಸ್ರೋ ಕೈಯಲ್ಲಿದೆ. ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಿಂದ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇದೆ. ಪಾವಗಡದಲ್ಲಿ ರೈತರ ಜಮೀನನ್ನು ಕೊಳ್ಳದೆ ಗುತ್ತಿಗೆಗೆ ಪಡೆದು, 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಮಾಡಿದ್ದಾರೆ. ಬರದ ಸೀಮೆಯಲ್ಲಿ ಕಣ್ಣು ಹಾಯುವಷ್ಟು ದೂರ ಗಾಜಿನ ಹೊಲ. ಸೆಟ್ ಹಾಕುವ ಖರ್ಚೂ ಇಲ್ಲ! ಎಂಟು-ಹತ್ತು ಕಂತಿನ ಒಂದು ಕನ್ನಡ ವೆಬ್ ಸರಣಿ ಇಲ್ಲಿ ನಡೆದರೆ, ಅದರ ಹಿಂದೆ ಕಾದಂಬರಿ ಬರೆಯುವ ಹುಡುಗರು ತುಮಕೂರಿನ ಕಾಲೇಜುಗಳಲ್ಲಿ ಸಿಗದೆ ಇರುವುದಿಲ್ಲ.

ಓದಬೇಕು ಅನ್ನಿಸಿದವರಿಗೆ ಎರಡು ಮಾತು. ನೀವು ನೋಡಿ ಇಷ್ಟಪಟ್ಟ ಸೀರಿಯಲ್‌ನಿಂದಲೇ ಶುರುಮಾಡಿ. ನೋಡದೇ ಇರುವ ಸೀರಿಯಲ್‌ನ ಪುಸ್ತಕ ಹಿಡಿದರೆ, ಪರಿಚಯ ಇಲ್ಲದವರ ಮದುವೆ ಮನೆಯಲ್ಲಿ ಊಟಕ್ಕೆ ಕೂತ ಹಾಗಾಗುತ್ತದೆ. ನೂರಾರು ಪುಸ್ತಕ ಇವೆ, ಯಾವ ಕ್ರಮದಲ್ಲಿ ಓದಲಿ ಅಂತ ತಲೆಕೆಡಿಸಿಕೊಳ್ಳಬೇಡಿ. ಹಳೆಯವು ಬಹುಪಾಲು ಬಿಡಿ ಕಥೆಗಳು. ಬೆಂಗಳೂರಿಗೆ ಹೋದಾಗ ಚರ್ಚ್ ಸ್ಟ್ರೀಟ್‌ನ ಹಳೇ ಪುಸ್ತಕದ ಅಂಗಡಿಗಳಲ್ಲಿ ಹುಡುಕಿ. ಸೈನ್ಸ್ ಫಿಕ್ಷನ್ ಕಪಾಟಿನ ಕೆಳಗಿನ ಸಾಲಿನಲ್ಲಿ ಇವು ತುಂಬಿಕೊಂಡಿರುತ್ತವೆ.

ಕೊಳ್ಳುವ ಮುಂಚೆ ಒಳಪುಟ ತಿರುಗಿಸಿ ಅಚ್ಚಾದ ವರ್ಷ ನೋಡುವುದನ್ನು ಮಾತ್ರ ಮರೆಯಬೇಡಿ. ಲೇಖಕನಿಗೆ ಅಲ್ಲಿಯವರೆಗೆ ಟಿವಿಯಲ್ಲಿ ಬಂದದ್ದಷ್ಟೇ ಗೊತ್ತು. 1984ರ ಪುಸ್ತಕದ ಕ್ಲಿಂಗಾನರು ನೀವು ನೋಡಿದವರ ಹಾಗಿಲ್ಲ ಅಂದರೆ, ಬದಲಾದದ್ದು ಟಿವಿ.